ಇದು ಅಲರ್ಜಿಯೋ, ಬೇರೇನೋ? ಮೂಗು, ಮೈ, ಹೊಟ್ಟೆಯ ದೂರುಗಳ ಜಾಡು ಹಿಡಿಯುವ ಬಗೆ

ಅಲರ್ಜಿಯ ಜಾಡು ಹಿಡಿಯಲು ಮೊದಲು ಒಂದು ಪೆನ್ನು, ಒಂದು ಹಳೇ ಡೈರಿ ಸಾಕು. ಲ್ಯಾಬಿಗೆ ಹೋಗುವುದೆಲ್ಲ ಆಮೇಲೆ. ನಮ್ಮಲ್ಲಿ ಇದು ಉಲ್ಟಾ ನಡೆಯುತ್ತದೆ. ಮೂಗು ಸೋರಿದರೂ ಅಲರ್ಜಿ, ಮೈ ಕೆರೆದರೂ ಅಲರ್ಜಿ, ಹೊಟ್ಟೆ ಉಬ್ಬಿದರೂ ಅಲರ್ಜಿ ಅಂದುಕೊಂಡು ನೂರೆಂಟು ಪದಾರ್ಥಗಳ ಹೆಸರಿರುವ ದುಬಾರಿ ರಕ್ತಪರೀಕ್ಷೆ ಮಾಡಿಸುತ್ತಾರೆ. ವರದಿ ನೋಡಿ ಹಾಲು, ಗೋಧಿ, ಬದನೆಕಾಯಿ ಎಲ್ಲ ಬಿಟ್ಟು ಕೂರುತ್ತಾರೆ. ಸೀನು ಮಾತ್ರ ನಿಲ್ಲುವುದಿಲ್ಲ.

ಅಲರ್ಜಿ ಅಂದರೆ ಇಷ್ಟೇ: ಬೇರೆಯವರಿಗೆ ಏನೂ ಮಾಡದ ವಸ್ತುವನ್ನು ನಮ್ಮ ಮೈಯ ರಕ್ಷಣಾ ವ್ಯವಸ್ಥೆ ಶತ್ರು ಅಂತ ತಿಳಿದು ಜಗಳಕ್ಕೆ ಇಳಿಯುವುದು. ಈ ಜಗಳ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಐಜಿಇ ಎಂಬ ಪ್ರತಿಕಾಯ ಮೊದಲೇ ತಯಾರಾಗಿ ಕೂತಿರುತ್ತದೆ. ವಸ್ತು ಸಿಕ್ಕಿದ ಕೂಡಲೇ ಹಿಸ್ಟಮಿನ್ ಎಂಬ ರಾಸಾಯನಿಕ ಹೊರಬೀಳುತ್ತದೆ. ಸೀನು, ನವೆ, ದದ್ದು, ಊತ ಎಲ್ಲ ನಿಮಿಷಗಳಲ್ಲಿ ಶುರು. ಹೆಚ್ಚೆಂದರೆ ಎರಡು ಗಂಟೆ. ಇನ್ನೊಂದರಲ್ಲಿ ಬಿಳಿ ರಕ್ತಕಣಗಳು ನಿಧಾನವಾಗಿ ಬಂದು ಸೇರುತ್ತವೆ. ವಸ್ತು ಚರ್ಮಕ್ಕೆ ತಾಗಿ ಒಂದೆರಡು ದಿನ ಆದಮೇಲೆ ಕಾಣಿಸುತ್ತದೆ. ಹಾಗಾಗಿ "ಏನು ತಿಂದೆ" ಅನ್ನುವುದಕ್ಕಿಂತ "ಎಷ್ಟು ಹೊತ್ತಿಗೆ ಶುರುವಾಯಿತು" ಅನ್ನುವ ಪ್ರಶ್ನೆಗೆ ಬೆಲೆ ಜಾಸ್ತಿ. ಈ ಬರಹದ ಉದ್ದಕ್ಕೂ ಅದೇ ಪ್ರಶ್ನೆ ಕೇಳುತ್ತಾ ಹೋಗುತ್ತೇವೆ.

ಮೊದಲು ನೋಡಬೇಕಾದ್ದು: ಕಾಯುವಷ್ಟು ಸಮಯ ಇದೆಯೇ?

ಏನೋ ತಿಂದ ಮೇಲೆ, ಮಾತ್ರೆ ನುಂಗಿದ ಮೇಲೆ, ಇಂಜೆಕ್ಷನ್ ಆದಮೇಲೆ, ಇಲ್ಲವೇ ಜೇನ್ನೊಣ, ಕಣಜ ಕಚ್ಚಿದ ಮೇಲೆ ಮೈಯೆಲ್ಲ ದದ್ದೇಳುತ್ತಿದೆ ಎಂದುಕೊಳ್ಳಿ. ಅದರ ಜೊತೆಗೆ ಉಸಿರಾಡಲು ಕಷ್ಟ, ದನಿ ಕಟ್ಟುವುದು, ನಾಲಿಗೆ ಅಥವಾ ಗಂಟಲು ಊದಿಕೊಳ್ಳುವುದು, ಮೇಲಿಂದ ಮೇಲೆ ವಾಂತಿ, ಕಣ್ಣು ಕತ್ತಲೆ ಬಂದು ಬೀಳುವಂತಾಗುವುದು ಸೇರಿಕೊಂಡರೆ ಅದು ಅನಾಫೈಲ್ಯಾಕ್ಸಿಸ್. ಕೆಲವರಲ್ಲಿ ದದ್ದು ಏಳದೆಯೂ ಹೀಗಾಗುತ್ತದೆ. ಡೈರಿ, ಮನೆಮದ್ದು ಎಲ್ಲ ಬದಿಗಿಡಿ. 108ಕ್ಕೆ ಫೋನ್ ಮಾಡಿ, ಇಲ್ಲವೇ ಸಿಕ್ಕ ಗಾಡಿಯಲ್ಲಿ ಹತ್ತಿರದ ಆಸ್ಪತ್ರೆಗೆ ಹೊರಡಿ.

ಇದಕ್ಕೆ ಮದ್ದು ಅಡ್ರಿನಾಲಿನ್ ಇಂಜೆಕ್ಷನ್. ತೊಡೆಯ ಹೊರಮಗ್ಗುಲಿನ ಸ್ನಾಯುವಿಗೆ ಕೊಡುತ್ತಾರೆ. ಸೆಟ್ರಿಜಿನ್ ಮಾತ್ರೆ ನವೆ ಇಳಿಸಬಹುದು, ಕುಸಿಯುವ ಬಿಪಿಯನ್ನು, ಮುಚ್ಚುವ ಗಂಟಲನ್ನು ತಡೆಯುವುದಿಲ್ಲ. ಮಾತ್ರೆ ಕೊಟ್ಟು "ನೋಡೋಣ" ಅಂತ ಕೂರುವುದೇ ಇಲ್ಲಿನ ದೊಡ್ಡ ಅಪಾಯ. ರೋಗಿಯನ್ನು ಮಲಗಿಸಿ ಕಾಲು ಸ್ವಲ್ಪ ಎತ್ತರದಲ್ಲಿಡಿ. ಉಸಿರಿಗೆ ಕಷ್ಟವಾದರೆ ಒರಗಿಸಿ ಕೂರಿಸಿ. ಎಬ್ಬಿಸಿ ನಡೆಸಬೇಡಿ. ಒಮ್ಮೆ ಸರಿಯಾದ ಮೇಲೂ ಕೆಲವು ಗಂಟೆ ಬಿಟ್ಟು ಮತ್ತೆ ಬರಬಹುದು. ಅದಕ್ಕೇ ಡಾಕ್ಟರು "ಇಲ್ಲೇ ಇರಿ" ಅಂದರೆ ಅವಸರ ಮಾಡಬೇಡಿ.

ಜೇನು ಕಚ್ಚಿದ ಕೈ ದಪ್ಪಗೆ ಊದಿದರೆ, ಎರಡು ದಿನ ನೋವಿದ್ದರೆ, ಅದಷ್ಟೇ ಆದರೆ ಹೆದರಬೇಕಾಗಿಲ್ಲ. ಚರ್ಮದಲ್ಲಿ ಉಳಿದ ಕೊಂಡಿಯನ್ನು ಬೇಗ ಕೆರೆದು ತೆಗೆಯಿರಿ. ಕಚ್ಚಿದ್ದು ಕೈಗೆ, ದದ್ದೆದ್ದದ್ದು ಹೊಟ್ಟೆ ಮೇಲೆ ಎಂದಾದರೆ ಮಾತ್ರ ಮೇಲಿನ ಸಾಲುಗಳಿಗೆ ಹಿಂತಿರುಗಿ.

ಡೈರಿಯಲ್ಲಿ ಏನು ಬರೆಯಬೇಕು

ಎರಡು ಮೂರು ವಾರ ಬರೆದರೆ ಸಾಕು. ತೊಂದರೆ ಶುರುವಾದ ಹೊತ್ತು, ಎಷ್ಟು ಹೊತ್ತು ಇತ್ತು, ಎಲ್ಲಿದ್ದಿರಿ, ಹಿಂದಿನ ಎರಡು ಗಂಟೆಯಲ್ಲಿ ತಿಂದದ್ದು, ನುಂಗಿದ ಮಾತ್ರೆ. ಚರ್ಮದ ತೊಂದರೆಗೆ ಹಿಂದಿನ ಮೂರು ದಿನದಲ್ಲಿ ಮೈಗೆ ತಾಗಿದ ಹೊಸ ವಸ್ತುಗಳು. ದದ್ದಿನ ಫೋಟೋ ತೆಗೆದಿಡಿ. ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ಅದು ಮಾಯವಾಗಿರುತ್ತದೆ, ನಾವು "ಇಲ್ಲಿತ್ತು ಸಾರ್" ಅಂತ ಬರೀ ಚರ್ಮ ತೋರಿಸುತ್ತಾ ನಿಲ್ಲುತ್ತೇವೆ.

ಜಾಗ ಬದಲಾದಾಗ ಏನಾಯಿತು ಅನ್ನುವುದನ್ನು ತಪ್ಪದೆ ಬರೆಯಿರಿ. ಊರಿಗೆ ಹೋದ ವಾರ ಸೀನು ಬರಲಿಲ್ಲವೇ? ಭಾನುವಾರ ಎದೆ ಹಗುರ, ಸೋಮವಾರ ಸಂಜೆ ಕೆಮ್ಮು ಶುರುವೇ? ರೇಷ್ಮೆ ನೂಲು ಬಿಚ್ಚಾಣಿಕೆ ಘಟಕ, ಬೇಕರಿಯ ಹಿಟ್ಟಿನ ಕೋಣೆ, ಮರದ ಮಿಲ್ಲು, ಪೇಂಟಿಂಗ್ ಶೆಡ್ಡು, ಇಂಥ ಕಡೆ ದುಡಿಯುವವರಿಗೆ ರಜೆಯ ದಿನವೇ ಪರೀಕ್ಷೆ. ಇದಕ್ಕೆ ಪೈಸೆ ಖರ್ಚಿಲ್ಲ.

ದೂರು: ಬೆಳಗ್ಗೆ ಎದ್ದ ತಕ್ಷಣ ಸಾಲು ಸೀನು, ಮೂಗಿನಲ್ಲಿ ನೀರು

ಮೊದಲು ನೆಗಡಿಯನ್ನು ಬೇರೆ ಮಾಡಿ. ವೈರಸ್ಸಿನ ನೆಗಡಿಯಲ್ಲಿ ಗಂಟಲು ನೋವು, ಮೈಕೈ ನೋವು, ಕೆಲವೊಮ್ಮೆ ಜ್ವರ ಇರುತ್ತದೆ. ವಾರ, ಹತ್ತು ದಿನದಲ್ಲಿ ಹೋಗುತ್ತದೆ. ಅಲರ್ಜಿಯಲ್ಲಿ ಜ್ವರ ಇಲ್ಲ, ನವೆ ಇದೆ. ಮೂಗು, ಕಣ್ಣು, ಅಂಗಳು, ಕಿವಿಯ ಒಳಗೆ ಕೂಡ ನವೆ. ಸಿಂಬಳ ನೀರಿನ ಹಾಗೆ ತೆಳ್ಳಗೆ. ಮಕ್ಕಳು ಅಂಗೈಯಿಂದ ಮೂಗಿನ ತುದಿಯನ್ನು ಮೇಲಕ್ಕೆ ಉಜ್ಜಿ ಉಜ್ಜಿ ಮೂಗಿನ ಮೇಲೆ ಅಡ್ಡಗೆರೆ ಬಿದ್ದಿರುತ್ತದೆ. ಕಣ್ಣ ಕೆಳಗೆ ಕಪ್ಪು. ಇಷ್ಟು ಕಂಡರೆ "ಮಗುವಿಗೆ ಶೀತದ ಮೈ" ಅಂತ ಸುಮ್ಮನಾಗಬೇಡಿ.

ಇನ್ನು ಯಾವಾಗ ಎಂಬ ಪ್ರಶ್ನೆ. ವರ್ಷವಿಡೀ, ಹಾಸಿಗೆಯಿಂದ ಏಳುವಾಗ ಜಾಸ್ತಿ ಅಂದರೆ ಅನುಮಾನ ಮೊದಲು ಧೂಳಿನ ನುಸಿಯ ಮೇಲೆ. ಕಣ್ಣಿಗೆ ಕಾಣದಷ್ಟು ಚಿಕ್ಕದು. ನಮ್ಮ ಮೈಯಿಂದ ಉದುರುವ ಚರ್ಮದ ಹುಡಿಯೇ ಅದಕ್ಕೆ ಊಟ. ಹಾಸಿಗೆ, ದಿಂಬು, ಸೋಫಾ, ಕಂಬಳಿ ಅದರ ಮನೆ. ಅದು ಕಚ್ಚುವುದಿಲ್ಲ. ಅಲರ್ಜಿ ತರುವುದು ಹೆಚ್ಚಾಗಿ ಅದರ ಹಿಕ್ಕೆ. ಹಾಗಾಗಿ "ನಮ್ಮನೆ ದಿನಾ ಗುಡಿಸಿ ಒರೆಸ್ತೀವಿ, ಧೂಳೇ ಇಲ್ಲ" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ನೆಲ ಫಳಫಳ ಹೊಳೆಯುತ್ತಿದ್ದರೂ ಹತ್ತು ವರ್ಷದ ದಿಂಬು ಹಾಗೇ ಇರುತ್ತದಲ್ವಾ?

ಪರೀಕ್ಷೆ ಸುಲಭ. ದಿಂಬು, ಹಾಸಿಗೆಗೆ ಒತ್ತಾಗಿ ನೆಯ್ದ, ಜಿಪ್ ಇರುವ ಕವರ್ ಹಾಕಿ. ಹೊದಿಕೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಗೆಯಿರಿ, ತಣ್ಣೀರಿನಲ್ಲಿ ಒಗೆದರೆ ನುಸಿ ಸಾಯುವುದಿಲ್ಲ. ಒಳ್ಳೇ ಬಿಸಿಲಿಗೆ ಹಾಕಿ ಒಣಗಿಸಿ. ಕೆಲವು ವಾರದಲ್ಲಿ ಬೆಳಗಿನ ಸೀನು ಇಳಿದರೆ ಉತ್ತರ ಸಿಕ್ಕಿತು. ಹಬ್ಬದ ಮುಂಚೆ ಅಟ್ಟದ ಸಾಮಾನು ಇಳಿಸುವ ದಿನ ಮಾತ್ರ ಸೀನುವವರು ಇನ್ನೊಂದು ಗುಂಪು. ಅವರು ಮೂಗಿಗೆ ಮಾಸ್ಕ್ ಕಟ್ಟಿಕೊಂಡರೆ ಸಾಕು, ಹೆಚ್ಚಿನ ತನಿಖೆ ಬೇಡ.

ಮಲೆನಾಡು, ಕರಾವಳಿಯಲ್ಲಿ ಮಳೆಗಾಲ ಹಿಡಿದ ಮೇಲೆ ಜಾಸ್ತಿಯಾದರೆ ಬೂಷ್ಟಿನ ಕಡೆ ನೋಡಿ. ಬೀರುವಿನ ಹಿಂದಿನ ಗೋಡೆ, ಚರ್ಮದ ಬ್ಯಾಗು, ಒದ್ದೆ ಬಚ್ಚಲು, ತಿಂಗಳುಗಟ್ಟಲೆ ತೆರೆಯದ ಪುಸ್ತಕ. ಅಡುಗೆಮನೆ ಹೊಕ್ಕಾಗ ಕೆಮ್ಮು, ಸೀನು ಅಂದರೆ ಜಿರಳೆ ಕೂಡ ಕಾರಣ ಇರಬಹುದು. ಜಿರಳೆಯ ಹಿಕ್ಕೆ, ಎಂಜಲು, ಉದುರಿದ ಚಿಪ್ಪಿನ ಹುಡಿ ಉಬ್ಬಸಕ್ಕೆ ದೊಡ್ಡ ಕಾರಣ.

ಪರಾಗದ ವಿಷಯದಲ್ಲಿ ತಪ್ಪು ಗಿಡವನ್ನು ಹಿಡಿಯುವವರೇ ಜಾಸ್ತಿ. ಬೆಂಗಳೂರಿನ ರಸ್ತೆಯಲ್ಲಿ ಗುಲಾಬಿ ಬಣ್ಣದ ಟಬೂಬಿಯಾ ಅರಳಿದ ವಾರ ಸೀನು ಬಂದರೆ ಪಾಪ ಅದನ್ನೇ ಬೈಯುತ್ತೇವೆ. ಕಣ್ಣಿಗೆ ಬೀಳುವ ದೊಡ್ಡ ಹೂವಿನ ಪರಾಗ ಸಾಮಾನ್ಯವಾಗಿ ಅಂಟಂಟು, ತೂಕ ಜಾಸ್ತಿ, ಅದನ್ನು ಹೊತ್ತೊಯ್ಯುವುದು ಕೀಟಗಳು. ಗಾಳಿಯಲ್ಲಿ ತೇಲಿ ಮೂಗಿಗೆ ಬರುವುದು ಹುಲ್ಲು, ಸರ್ವೆ ಮರ ಇಂಥವುಗಳ ಹಗುರ ಪರಾಗ, ಯಾರೂ ಹೂವು ಅಂತ ಲೆಕ್ಕಕ್ಕೇ ಇಡದವು. ಖಾಲಿ ಸೈಟಿನಲ್ಲಿ ಮಳೆ ಬಿದ್ದ ಮೇಲೆ ಸೊಂಟದೆತ್ತರ ಬೆಳೆಯುವ ಕಾಂಗ್ರೆಸ್ ಗಿಡದ್ದೂ ಇದೇ ಕಥೆ. 1950ರ ದಶಕದಲ್ಲಿ ಪುಣೆ ಹತ್ತಿರ ಕಾಣಿಸಿಕೊಂಡ ಈ ಪಾರ್ಥೇನಿಯಂ ಈಗ ಇಲ್ಲದ ಊರಿಲ್ಲ. ಅಮೆರಿಕಕ್ಕೆ ಹೋದ ನಮ್ಮವರು ಆಗಸ್ಟ್, ಸೆಪ್ಟೆಂಬರಿನಲ್ಲಿ ಕಣ್ಣು ಮೂಗು ಒರೆಸಿಕೊಳ್ಳುತ್ತಿದ್ದರೆ ಅಲ್ಲಿನ ರ್‍ಯಾಗ್‌ವೀಡ್ ಮೇಲೆ ಅನುಮಾನ ಪಡಬೇಕು. ಅದು ಪಾರ್ಥೇನಿಯಂನ ಸಂಬಂಧಿ. ಒಂದಕ್ಕೆ ಅಲರ್ಜಿ ಇದ್ದವರಿಗೆ ಇನ್ನೊಂದೂ ಕಾಡಬಹುದು.

ಅಲರ್ಜಿ ಅಲ್ಲದ ಮೂಗುಗಳೂ ಇವೆ. ಊದುಬತ್ತಿ, ಸೊಳ್ಳೆಬತ್ತಿ, ಒಗ್ಗರಣೆಯ ಘಾಟು, ಎಸಿಯ ತಣ್ಣನೆ ಗಾಳಿ ತಾಗಿದರೆ ಮಾತ್ರ ಮೂಗು ಸೋರುತ್ತದೆ, ಆದರೆ ನವೆ ಇಲ್ಲ ಅಂದರೆ ಅದು ಬರೀ ಕಿರಿಕಿರಿ. ಖಾರದ ಸಾರು ಉಣ್ಣುವಾಗ ಮೂಗಿನಲ್ಲಿ ನೀರು ಬಂದರೆ ಸಾರಿಗೆ ಅಲರ್ಜಿ ಅಂತ ಅಲ್ಲ. ಇವರಿಗೆ ಅಲರ್ಜಿ ಪರೀಕ್ಷೆಯಲ್ಲಿ ಏನೂ ಸಿಗುವುದಿಲ್ಲ.

ಒಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಮೂಗು ಕಟ್ಟಿದಾಗ ಹಾಕುವ ಝೈಲೋಮೆಟಾಜೋಲಿನ್, ಆಕ್ಸಿಮೆಟಾಜೋಲಿನ್ ಡ್ರಾಪ್ಸ್ ಐದಾರು ದಿನಕ್ಕಿಂತ ಹೆಚ್ಚು ಹಾಕಿದರೆ ಅದೇ ಮೂಗನ್ನು ಕಟ್ಟಿಸುತ್ತದೆ. ಹಾಕಿದರೆ ಬಿಡುತ್ತದೆ, ಬಿಟ್ಟರೆ ಕಟ್ಟುತ್ತದೆ. ತಿಂಗಳುಗಟ್ಟಲೆ ಜೇಬಿನಲ್ಲಿ ಡ್ರಾಪ್ಸ್ ಇಟ್ಟುಕೊಂಡು ಓಡಾಡುವವರ ರೋಗ ಅಲರ್ಜಿಯಿಂದ ಶುರುವಾಗಿರಬಹುದು, ಈಗ ಮುಂದುವರಿದಿರುವುದು ಡ್ರಾಪ್ಸಿನಿಂದ. ಇದಕ್ಕೆ ತದ್ವಿರುದ್ಧ ಡಾಕ್ಟರು ಕೊಡುವ ಸ್ಟಿರಾಯ್ಡ್ ಸ್ಪ್ರೇ. ಅದು ಅವತ್ತೇ ಮೂಗು ಬಿಡಿಸುವುದಿಲ್ಲ, ಪೂರ್ತಿ ಗುಣ ಕಾಣಲು ಒಂದೆರಡು ವಾರ ಬೇಕು. ಎರಡು ದಿನ ಹೊಡೆದು "ಇದು ಕೆಲಸ ಮಾಡಲ್ಲ" ಅಂತ ಬಿಸಾಡುವವರೇ ಜಾಸ್ತಿ. ಹೊಡೆಯುವಾಗ ಮೂಗಿನ ನಡುಗೋಡೆಗೆ ಅಲ್ಲ, ಕಿವಿಯ ಕಡೆಗೆ ತಿರುಗಿಸಿ ಹೊಡೆಯಬೇಕು.

ಒಂದೇ ಹೊಳ್ಳೆ ಯಾವಾಗಲೂ ಕಟ್ಟಿದ್ದರೆ, ರಕ್ತ ಬಂದರೆ, ಮಗುವಿನ ಒಂದೇ ಹೊಳ್ಳೆಯಿಂದ ವಾಸನೆಯ ಸಿಂಬಳ ಬಂದರೆ ಅಲರ್ಜಿಯ ಯೋಚನೆ ಬಿಟ್ಟು ಇಎನ್‌ಟಿ ಡಾಕ್ಟರಿಗೆ ತೋರಿಸಿ. ಮಕ್ಕಳ ಮೂಗಿನಿಂದ ಕಡಲೆಕಾಳು, ಮಣಿ, ರಬ್ಬರ್ ತುಂಡು ಹೊರಬಂದದ್ದಿದೆ. ತಲೆಗೆ ಪೆಟ್ಟಾದ ಮೇಲೆ ಒಂದು ಹೊಳ್ಳೆಯಿಂದ ತಿಳಿನೀರು ತೊಟ್ಟಿಕ್ಕಿದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಅದು ಮಿದುಳಿನ ಸುತ್ತಲ ದ್ರವ ಆಗಿರಬಹುದು.

ದೂರು: ರಾತ್ರಿ ಕೆಮ್ಮು, ಎದೆಯಲ್ಲಿ ಸುಯ್‌ಸುಯ್

ಮೂಗಿನ ಅಲರ್ಜಿ ಇದ್ದವರಲ್ಲಿ ಬಹಳ ಮಂದಿಗೆ ಉಬ್ಬಸವೂ ಇರುತ್ತದೆ. ರಾತ್ರಿ ಎರಡು ಮೂರು ಗಂಟೆಗೆ, ನಸುಕಿಗೆ ಕೆಮ್ಮು ಏಳುವುದು, ಓಡಿದರೆ, ನಕ್ಕರೆ ಕೆಮ್ಮು ಬರುವುದು ಇದರ ಗುರುತು. ಊದುವ ಪರೀಕ್ಷೆ, ಅಂದರೆ ಸ್ಪೈರೋಮೆಟ್ರಿ, ಮಾಡಿಸಿದರೆ ತಿಳಿಯುತ್ತದೆ. ಇನ್‌ಹೇಲರ್ ಅಂದರೆ ಹೆದರುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಮಾತ್ರೆಗಿಂತ ತೀರಾ ಕಡಿಮೆ ಔಷಧಿ ನೇರ ಶ್ವಾಸನಾಳಕ್ಕೆ ಹೋಗುವ ದಾರಿ ಅದು.

ಕರಾವಳಿಯವರಿಗೆ ಒಂದು ಮಾತು. ರಾತ್ರಿ ಕೆಮ್ಮು, ಉಬ್ಬಸ, ಸುಸ್ತು, ಜೊತೆಗೆ ರಕ್ತದಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣ ಮೈಕ್ರೋಲೀಟರಿಗೆ 3000 ದಾಟಿದ್ದರೆ ಬರೀ ಅಲರ್ಜಿ ಅಂತ ಮುಗಿಸಬೇಡಿ. ಆನೆಕಾಲು ರೋಗ ತರುವ ಹುಳುಗಳಿಗೆ ಶ್ವಾಸಕೋಶ ಹೀಗೆ ಸಿಡಿದೇಳುತ್ತದೆ. ಅದರ ಮದ್ದೇ ಬೇರೆ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮು, ತೂಕ ಇಳಿಕೆ, ಸಂಜೆ ಜ್ವರ ಇದ್ದರೆ ಕ್ಷಯ ಇದೆಯಾ ಅಂತ ಮೊದಲು ಕಫ ಪರೀಕ್ಷೆ.

ದೂರು: ಮೈಮೇಲೆ ಗಂಧೆ ಎದ್ದಿದೆ, ಪಿತ್ತ ಅಂತಾರೆ

ಸೊಳ್ಳೆ ಕಚ್ಚಿದ ಹಾಗೆ ಉಬ್ಬಿ, ಒಂದಕ್ಕೊಂದು ಕೂಡಿ ದೊಡ್ಡದಾಗಿ, ವಿಪರೀತ ಕೆರೆದು, ಗಂಟೆಗಳಲ್ಲಿ ಇಲ್ಲಿ ಮಾಯವಾಗಿ ಅಲ್ಲಿ ಏಳುವುದು ಪಿತ್ತದ ಗಂಧೆ. ಒಂದು ಗಂಧೆಯ ಸುತ್ತ ಪೆನ್ನಿನಿಂದ ಗೆರೆ ಎಳೆದು ಹೊತ್ತು ಬರೆದಿಡಿ. 24 ಗಂಟೆಯೊಳಗೆ ಆ ಜಾಗ ಮೊದಲಿನ ಹಾಗೇ ಆದರೆ ಇದು ಗಂಧೆಯೇ. ಅಲ್ಲೇ ಕೂತಿದ್ದರೆ, ಕೆರೆತಕ್ಕಿಂತ ಉರಿ ಜಾಸ್ತಿ ಇದ್ದರೆ, ಹೋಗುವಾಗ ಕಂದು ಕಲೆ ಬಿಟ್ಟು ಹೋದರೆ ಚರ್ಮದ ಡಾಕ್ಟರಿಗೆ ತೋರಿಸಬೇಕು. ರಕ್ತನಾಳದ ಉರಿಯೂತ ಇರಬಹುದು.

ಇದು ಆರು ವಾರದೊಳಗಿನದಾದರೆ ಊಟ, ಮಾತ್ರೆ, ಜ್ವರ ಎಲ್ಲವೂ ಅನುಮಾನದ ಪಟ್ಟಿಯಲ್ಲಿರುತ್ತವೆ. ಮಕ್ಕಳಲ್ಲಿ ವೈರಸ್ ಜ್ವರದ ಬೆನ್ನಲ್ಲೇ ಬರುವುದು ಬಹಳ. ದೊಡ್ಡವರಲ್ಲಿ ನೋವಿನ ಮಾತ್ರೆಗಳನ್ನು ಮರೆಯಬೇಡಿ. ಐಬುಪ್ರೊಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್ ಗಂಧೆ ಎಬ್ಬಿಸುತ್ತವೆ, ಮೊದಲೇ ಇದ್ದರೆ ಕೆರಳಿಸುತ್ತವೆ. ಆರು ವಾರ ದಾಟಿ ದಿನಾ ಬರುತ್ತಿದ್ದರೆ ಲೆಕ್ಕ ಬದಲಾಗುತ್ತದೆ. ಅಂಥ ಗಂಧೆಗೆ ಊಟ ಕಾರಣ ಆಗಿರುವುದು ಅಪರೂಪ. ಆದರೂ ನಮ್ಮವರು ಮೊದಲು ಮಾಡುವುದು ಬದನೆಕಾಯಿ ಬಿಡುವುದು. ಆಮೇಲೆ ಮೊಟ್ಟೆ, ಮೀನು, ಹುಳಿ. ತಿಂಗಳು ಕಳೆದರೂ ಗಂಧೆ ಏಳುತ್ತಲೇ ಇರುತ್ತದೆ. ಬೆಲ್ಟ್ ಬಿಗಿದ ಜಾಗ, ತಣ್ಣೀರು, ಬೆವರು, ಬಿಸಿಲು ಇವುಗಳಿಂದ ಏಳುತ್ತದಾ ನೋಡಿ, ಉತ್ತರ ಅಲ್ಲಿರಬಹುದು. ಎಷ್ಟೋ ಸಲ ಹೊರಗಿನ ಕಾರಣ ಅನ್ನುವುದೇ ಇರುವುದಿಲ್ಲ. ಮಾತ್ರೆಯಿಂದ ಹಿಡಿತದಲ್ಲಿಟ್ಟರೆ ಕಾಲಕ್ರಮದಲ್ಲಿ ತಾನೇ ಹೋಗುತ್ತದೆ.

ದೂರು: ಒಂದೇ ಜಾಗದಲ್ಲಿ ಕೆಂಪಾಗಿ, ಸಿಪ್ಪೆ ಎದ್ದು, ನೀರು ಒಸರುತ್ತಿದೆ

ಇದು ನಿಧಾನದ ಬಗೆ. ಇಲ್ಲಿ ದದ್ದಿನ ಜಾಗವೇ ಅಪರಾಧಿಯ ಹೆಸರು ಹೇಳುತ್ತದೆ. ಹಾಗಾಗಿ ನಕ್ಷೆ ಓದುವುದು ಕಲಿಯಬೇಕು.

ಕಿವಿ ಹಾಲೆ, ಕತ್ತು, ಮಣಿಕಟ್ಟು, ಹೊಕ್ಕುಳ ಕೆಳಗೆ ಜೀನ್ಸ್ ಗುಂಡಿ ತಾಗುವ ಜಾಗ: ನಿಕಲ್. ಉಮಾಗೋಲ್ಡು ಒಡವೆ ಹಾಕಿದ ಮದುವೆಯ ಮಾರನೇ ದಿನ, ಇಲ್ಲವೇ ಮೂರನೇ ದಿನ ಶುರು. ಹುಬ್ಬುಗಳ ನಡುವೆ ದುಂಡಗೆ: ಸ್ಟಿಕ್ಕರ್ ಬಿಂದಿಯ ಅಂಟು. ಅಲ್ಲಿ ಬಣ್ಣ ಬೆಳ್ಳಗಾಗುತ್ತಿದ್ದರೆ ಆ ಬಿಂದಿಯನ್ನು ಇವತ್ತೇ ನಿಲ್ಲಿಸಿ. ಪಾದದ ಮೇಲೆ ವಿ ಆಕಾರ: ಹವಾಯಿ ಚಪ್ಪಲಿಯ ರಬ್ಬರ್ ಪಟ್ಟಿ. ಗಾರೆ ಕೆಲಸದವರ ಕೈಬೆರಳು, ಅಂಗೈ ಹಿಂಭಾಗ: ಸಿಮೆಂಟಿನಲ್ಲಿರುವ ಕ್ರೋಮಿಯಂ.

ಕೂದಲಿಗೆ ಬಣ್ಣ ಹಚ್ಚಿದವರ ಕಥೆ ಸ್ವಲ್ಪ ಮೋಸದ್ದು. ಹಚ್ಚಿದ್ದು ತಲೆಗೆ, ಊದುವುದು ಕಣ್ಣಿನ ರೆಪ್ಪೆ. ಹಣೆಯ ಅಂಚು, ಕಿವಿಯ ಹಿಂದೆ, ಕತ್ತಿನಲ್ಲಿ ನೀರ್ಗುಳ್ಳೆ. ತಲೆಯ ಚರ್ಮ ದಪ್ಪ, ಅದು ತಡೆದುಕೊಳ್ಳುತ್ತದೆ. ಕಾರಣ ಪಿಪಿಡಿ ಎಂಬ ರಾಸಾಯನಿಕ. "ವರ್ಷಗಳಿಂದ ಹಚ್ತಾ ಇದ್ದೀನಿ, ಈಗ್ಯಾಕೆ ಬಂತು" ಅಂತ ಕೇಳುತ್ತಾರೆ. ಅಲರ್ಜಿ ಹುಟ್ಟುವುದೇ ಹಾಗೆ, ಮತ್ತೆ ಮತ್ತೆ ತಾಗಿದ ಮೇಲೆ. ತಕ್ಷಣ ಕಪ್ಪಾಗುವ "ಕಪ್ಪು ಮೆಹಂದಿ"ಯಲ್ಲೂ ಇದನ್ನು ಬೆರೆಸಿರುತ್ತಾರೆ. ಬರೀ ಗೋರಂಟಿ ಸೊಪ್ಪು ಅಷ್ಟು ಕಪ್ಪು ಬಿಡುವುದಿಲ್ಲ.

ಮುಖ, ಕಣ್ಣ ರೆಪ್ಪೆ, ಕತ್ತು, ಮೊಣಕೈ ಮಡಿಕೆ, ಅಂಗಿ ಮುಚ್ಚದ ಕಡೆಗಳಲ್ಲೆಲ್ಲ ಚರ್ಮ ದಪ್ಪಗಾಗಿ ಕಪ್ಪಾಗಿದ್ದರೆ, ಹೊಲ ತೋಟದಲ್ಲಿ ದುಡಿಯುವವರಾದರೆ, ಮತ್ತೆ ಕಾಂಗ್ರೆಸ್ ಗಿಡ. ಅದರ ಒಣಗಿದ ಹುಡಿ ಗಾಳಿಯಲ್ಲಿ ಬಂದು ಕೂರುತ್ತದೆ. ಬಿಸಿಲಿನ ಅಲರ್ಜಿ ಅಂತ ತಪ್ಪು ತಿಳಿಯುವುದು ಸಾಮಾನ್ಯ. ಹೇಗೆ ಬೇರೆ ಮಾಡುವುದು? ಬಿಸಿಲು ರೆಪ್ಪೆಯ ಮೇಲೆ, ಗದ್ದದ ಕೆಳಗೆ, ಕಿವಿಯ ಹಿಂದೆ ಅಷ್ಟಾಗಿ ಬೀಳುವುದಿಲ್ಲ. ಹುಡಿ ಬೀಳುತ್ತದೆ. ಈ ಜನಕ್ಕೆ ಸೇವಂತಿಗೆಯೂ ಆಗದೇ ಇರಬಹುದು, ಅದೂ ಅದೇ ಕುಟುಂಬದ್ದು. ಹೂವು ಕಟ್ಟುವವರ ಬೆರಳ ತುದಿ ಬಿರುಕು ಬಿಟ್ಟಿದ್ದರೆ ಇದನ್ನು ನೆನಪಿಡಿ.

ಮಲೆನಾಡಿನವರಿಗೆ ಗೇರಿನ ಬಳಗ ಹೊಸದಲ್ಲ. ಹೊಳೆಗೇರು ಮರದ ರಸ ತಾಗಿದರೆ ಮೈ ಬಾತು ಗುಳ್ಳೆ ಏಳುತ್ತದೆ. ಗೋಡಂಬಿ ಸಿಪ್ಪೆಯ ಎಣ್ಣೆ, ಮಾವಿನ ಸೊನೆ ಕೂಡ ಅದೇ ಕುಟುಂಬ. ಬೇಸಿಗೆಯಲ್ಲಿ ಮಗುವಿನ ಬಾಯಿ ಸುತ್ತ ದದ್ದೆದ್ದರೆ "ಮಾವಿನಹಣ್ಣು ಉಷ್ಣ" ಅನ್ನುತ್ತೇವೆ. ತೊಟ್ಟು ಕಡಿದು, ಸೊನೆ ಇಳಿಸಿ, ಚೆನ್ನಾಗಿ ತೊಳೆದು, ಸಿಪ್ಪೆ ತೆಗೆದು ಹೋಳು ಮಾಡಿ ಕೊಟ್ಟು ನೋಡಿ. ಎಷ್ಟೋ ಮಕ್ಕಳಿಗೆ ಆಗ ಏನೂ ಆಗುವುದಿಲ್ಲ. ಆದರೆ ಹಣ್ಣು ತಿಂದ ಕೂಡಲೇ ತುಟಿ, ನಾಲಿಗೆ ಊದುವ ಮಗುವಿಗೆ ಈ ಪ್ರಯೋಗ ಬೇಡ.

ಗಾಯಕ್ಕೆ ಮುಲಾಮು ಹಚ್ಚಿದಷ್ಟೂ ಸುತ್ತಲ ಚರ್ಮ ಕೆಡುತ್ತಿದೆಯೇ? ಮುಲಾಮಿನ ಮೇಲೇ ಅನುಮಾನ ಪಡಿ. ನಿಯೋಮೈಸಿನ್ ಇರುವ ಮುಲಾಮುಗಳು ಇದಕ್ಕೆ ಹೆಸರುವಾಸಿ.

ಇನ್ನು ಅಲರ್ಜಿಯ ವೇಷದಲ್ಲಿ ಬರುವ ಎರಡು. ರಾತ್ರಿ ಮಲಗಿದ ಮೇಲೆ ಕೆರೆತ, ಬೆರಳ ಸಂದಿಯಲ್ಲಿ ಗುಳ್ಳೆ, ಮನೆಯಲ್ಲಿ ಇನ್ನೊಬ್ಬರಿಗೂ ಕೆರೆತ: ಇದು ಕಜ್ಜಿ. ಅಲರ್ಜಿ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಬಳೆಯ ಹಾಗೆ ದುಂಡಗೆ, ಅಂಚು ಕೆಂಪು, ನಡುವೆ ತಿಳಿ: ಇದು ಹುಳುಕಡ್ಡಿ. ಇದಕ್ಕೆ ಔಷಧಿ ಅಂಗಡಿಯ ಸ್ಟಿರಾಯ್ಡ್ ಬೆರೆತ ಕ್ರೀಮು ಹಚ್ಚುವುದು ಬೆಂಕಿಗೆ ತುಪ್ಪ ಹುಯ್ದ ಹಾಗೆ. ಎರಡು ದಿನ ಕೆರೆತ ಇಳಿಯುತ್ತದೆ, ತಿಂಗಳಲ್ಲಿ ತೊಡೆಯೆಲ್ಲ ಹರಡಿರುತ್ತದೆ.

ದೂರು: ಇದನ್ನು ತಿಂದರೆ ನನಗೆ ಆಗಲ್ಲ

"ಆಗಲ್ಲ" ಅನ್ನುವುದರಲ್ಲಿ ನಾಲ್ಕೈದು ಬೇರೆ ಬೇರೆ ಸಂಗತಿಗಳು ಅಡಗಿರುತ್ತವೆ. ನಿಜವಾದ ಆಹಾರ ಅಲರ್ಜಿ ಸಾಮಾನ್ಯವಾಗಿ ಎರಡು ಗಂಟೆಯೊಳಗೆ, ಚಿಟಿಕೆಯಷ್ಟು ತಿಂದರೂ, ಪ್ರತಿ ಸಲವೂ ಬರುತ್ತದೆ. ಬಾಯಿ ನವೆ, ತುಟಿ ಊತ, ಗಂಧೆ, ವಾಂತಿ. ಹಾಲು, ಮೊಟ್ಟೆ, ಶೇಂಗಾ, ಗೋಡಂಬಿಯಂಥ ಬೀಜಗಳು, ಮೀನು, ಸಿಗಡಿ, ಏಡಿ, ಗೋಧಿ, ಸೋಯಾ, ಎಳ್ಳು ಮುಖ್ಯ ಕಾರಣಗಳು. ಹಾಲು, ಮೊಟ್ಟೆಯ ಅಲರ್ಜಿ ಎಷ್ಟೋ ಮಕ್ಕಳಿಗೆ ಬೆಳೆಯುತ್ತಾ ಹೋಗುತ್ತದೆ. ಶೇಂಗಾದ್ದು, ಸಿಗಡಿಯದ್ದು ಹೆಚ್ಚಾಗಿ ಉಳಿಯುತ್ತದೆ.

ಹಾಲು ಕುಡಿದರೆ ಹೊಟ್ಟೆ ಗುಡುಗುಡು, ಗ್ಯಾಸು, ಭೇದಿ. ಆದರೆ ಮೊಸರನ್ನ ಉಂಡರೆ ಏನೂ ಇಲ್ಲ. ಇದು ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ, ಅರಗದಿರುವುದು. ನಮ್ಮ ಕಡೆ ದೊಡ್ಡವರಲ್ಲಿ ಬಹಳ. ಕಿರಿಕಿರಿ ಹೌದು, ಜೀವಕ್ಕೆ ಅಪಾಯ ಇಲ್ಲ. ನಿಜವಾದ ಹಾಲಿನ ಅಲರ್ಜಿ ಇದ್ದವರಿಗೆ ಮೊಸರು, ಪನೀರು, ಪೇಡ ಯಾವುದೂ ಸುರಕ್ಷಿತ ಅಲ್ಲ.

ಬಂಗುಡೆ ತಿಂದ ಅರ್ಧ ಗಂಟೆಯಲ್ಲಿ ಮುಖ ಕೆಂಪೇರಿ, ತಲೆನೋವು, ಗಂಧೆ ಎದ್ದರೆ ಮೊದಲು ಕೇಳಿ: ಜೊತೆಗೆ ಉಂಡ ಬೇರೆಯವರಿಗೂ ಆಯಿತಾ? ಆಗಿದ್ದರೆ ಮೀನಿನ ತಪ್ಪು, ನಿಮ್ಮ ಮೈಯದ್ದಲ್ಲ. ಬಂಗುಡೆ, ಭೂತಾಯಿ, ಕೇದರದಂಥ ಮೀನನ್ನು ಐಸ್ ಇಲ್ಲದೆ ಇಟ್ಟರೆ ಅದರಲ್ಲೇ ಹಿಸ್ಟಮಿನ್ ಹುಟ್ಟುತ್ತದೆ. ಎಷ್ಟು ಕುದಿಸಿದರೂ ಹೋಗುವುದಿಲ್ಲ. ನೋಡಲು ಥೇಟ್ ಅಲರ್ಜಿಯೇ. ತಾಜಾ ಮೀನು ತಂದರೆ ಅದೇ ವ್ಯಕ್ತಿ ಆರಾಮಾಗಿ ತಿನ್ನುತ್ತಾನೆ. ಸಿಗಡಿ ಅಲರ್ಜಿ ಇದ್ದವರಿಗೆ ಏಡಿಯೂ ಆಗದಿರುವ ಸಾಧ್ಯತೆ ಜಾಸ್ತಿ, ಆದರೆ ಬಂಗುಡೆ ಬಿಡಬೇಕಾಗಿಲ್ಲ. ಎರಡರ ಪ್ರೋಟೀನು ಬೇರೆ.

ಬದನೆಕಾಯಿ ನಂಜು ಅಂತ ಹಿರಿಯರು ಹೇಳುವುದನ್ನು ಪೂರ್ತಿ ತಳ್ಳಿಹಾಕಬೇಡಿ. ಮೈಸೂರಿನಲ್ಲಿ ನಡೆದ ಬದನೆ ಅಲರ್ಜಿಯ ಅಧ್ಯಯನ 2008ರಲ್ಲಿ ಪ್ರಕಟವಾಗಿದೆ. ಹೆಂಗಸರಲ್ಲಿ ಜಾಸ್ತಿ ಅಂತ ಅದರಲ್ಲಿ ಕಂಡುಬಂತು. ಆದರೆ ಗಾಯ ಆದವರೆಲ್ಲ, ಬಾಣಂತಿಯರೆಲ್ಲ ಬದನೆ ಬಿಡಬೇಕು ಅನ್ನುವುದಕ್ಕೂ ಅಲರ್ಜಿಗೂ ಸಂಬಂಧ ಇಲ್ಲ.

ಅನುಮಾನದ ಪದಾರ್ಥ ಒಂದೇ ಒಂದನ್ನು ಎರಡರಿಂದ ನಾಲ್ಕು ವಾರ ಬಿಟ್ಟು, ಮತ್ತೆ ತಿಂದು ನೋಡುವುದು ಹಳೇ ಉಪಾಯ. ಹೊಟ್ಟೆಯ ಕಿರಿಕಿರಿಗೆ ಮಾತ್ರ ಇದನ್ನು ಮನೆಯಲ್ಲಿ ಮಾಡಬಹುದು. ಊತ, ಉಬ್ಬಸ, ಗಂಧೆ ಬಂದ ಪದಾರ್ಥವನ್ನು ಮನೆಯಲ್ಲಿ ಮತ್ತೆ ತಿಂದು ನೋಡಲೇಬಾರದು. ಅದು ಆಸ್ಪತ್ರೆಯಲ್ಲಿ, ಇಂಜೆಕ್ಷನ್ ಪಕ್ಕದಲ್ಲಿಟ್ಟುಕೊಂಡು ಮಾಡುವ ಕೆಲಸ.

ಮಾತ್ರೆ ನುಂಗಿದ ಮೇಲೆ

ಮಾತ್ರೆಯ ಹೆಸರು ಬರೆದಿಡಿ. "ಬಿಳೀ ಮಾತ್ರೆ, ಜ್ವರಕ್ಕೆ ಕೊಟ್ಟಿದ್ದು" ಅಂದರೆ ಯಾರಿಗೂ ಉಪಯೋಗ ಇಲ್ಲ. ಸ್ಟ್ರಿಪ್ಪಿನ ಫೋಟೋ ಇರಲಿ. ಮೈಮೇಲೆ ದದ್ದಿನ ಜೊತೆ ಜ್ವರ, ಬಾಯಿ ಹುಣ್ಣು, ಕಣ್ಣು ಕೆಂಪು, ಚರ್ಮ ಸುಲಿಯುವುದು ಕಂಡರೆ ಮಾತ್ರೆ ನಿಲ್ಲಿಸಿ ಅವತ್ತೇ ಆಸ್ಪತ್ರೆ ಸೇರಿ. ಸಲ್ಫಾ, ಮೂರ್ಛೆಯ ಕೆಲವು ಮಾತ್ರೆಗಳು ಹೀಗೆ ಮಾಡಬಲ್ಲವು, ಅದೂ ಶುರುಮಾಡಿ ಒಂದೆರಡು ವಾರ ಆದಮೇಲೆ. ಇನ್ನೊಂದು ಕಡೆ, ಚಿಕ್ಕಂದಿನಲ್ಲಿ ಪೆನಿಸಿಲಿನ್ ಅಲರ್ಜಿ ಅಂತ ಹಣೆಪಟ್ಟಿ ಅಂಟಿಸಿಕೊಂಡವರಲ್ಲಿ ಹತ್ತಕ್ಕೆ ಒಂಬತ್ತು ಜನರಿಗೆ ಪರೀಕ್ಷೆ ಮಾಡಿದರೆ ಅಲರ್ಜಿ ಇರುವುದಿಲ್ಲ. ಹಣೆಪಟ್ಟಿ ತೆಗೆಸಿಕೊಳ್ಳುವುದು ಡಾಕ್ಟರ ಮುಂದೆ ಮಾತ್ರ.

ಈಗ ಪರೀಕ್ಷೆ

ಇಷ್ಟು ಕೈಯಲ್ಲಿಟ್ಟುಕೊಂಡು ಹೋದರೆ ಡಾಕ್ಟರು ಯಾವ ಪರೀಕ್ಷೆ ಬೇಕು ಅಂತ ಹೇಳುತ್ತಾರೆ. ಸುಮ್ನೆ ಎಲ್ಲದಕ್ಕೂ ಪರೀಕ್ಷೆ ಮಾಡಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ರಾಜ್ಯದಲ್ಲೇ ಲೆಕ್ಕ ಇದೆ. ಕರ್ನಾಟಕದ ದೊಡ್ಡವರಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನೂರಕ್ಕೆ 26ಕ್ಕೂ ಹೆಚ್ಚು ಜನರ ರಕ್ತದಲ್ಲಿ ಯಾವುದಾದರೊಂದು ಆಹಾರದ ವಿರುದ್ಧ ಐಜಿಇ ಇತ್ತು. ತಿಂದಾಗ ತೊಂದರೆಯೂ ಆಗಿ, ಅಲರ್ಜಿ ಇರಬಹುದು ಅನ್ನಿಸಿಕೊಂಡವರು ನೂರಕ್ಕೆ ಒಬ್ಬರ ಆಸುಪಾಸು. ಉಳಿದವರು ಅದೇ ಪದಾರ್ಥವನ್ನು ದಿನಾ ತಿಂದು ಅರಗಿಸಿಕೊಳ್ಳುತ್ತಿದ್ದರು. ವರದಿಯಲ್ಲಿ ಕೆಂಪು ಗುರುತು ಬಿದ್ದ ಮಾತ್ರಕ್ಕೆ ತಟ್ಟೆಯಿಂದ ಏನನ್ನೂ ತೆಗೆಯಬೇಡಿ. ಐಜಿಜಿ ಎಂಬ ಇನ್ನೊಂದು ಬಗೆಯ ಪ್ರತಿಕಾಯ ನೋಡಿ "ನಿಮಗೆ ಈ 40 ಆಹಾರ ಆಗದು" ಅನ್ನುವ ಪ್ಯಾಕೇಜುಗಳಂತೂ ದುಡ್ಡು ದಂಡ. ತಿಂದ ಊಟದ ವಿರುದ್ಧ ಐಜಿಜಿ ಇರುವುದು ಸಹಜ. ಒಟ್ಟು ಐಜಿಇ, ಇಯೊಸಿನೊಫಿಲ್ ಏರಿದ್ದರೆ ಜಂತುಹುಳು ಇದೆಯಾ ಅಂತಲೂ ನೋಡಬೇಕು.

ಮೂಗು, ಎದೆ, ಊಟದ ಕೂಡಲೇ ಬರುವ ತೊಂದರೆಗೆ ಪ್ರಿಕ್ ಪರೀಕ್ಷೆ. ಮುಂಗೈ ಮೇಲೆ ಅನುಮಾನದ ವಸ್ತುವಿನ ಹನಿ ಇಟ್ಟು ಸೂಜಿಯಿಂದ ಮೆಲ್ಲಗೆ ಚುಚ್ಚಿ 15ರಿಂದ 20 ನಿಮಿಷ ಕಾಯುತ್ತಾರೆ. ಬರೀ ಉಪ್ಪುನೀರಿನ ಹನಿಗಿಂತ 3 ಮಿಲಿಮೀಟರ್ ಹೆಚ್ಚು ಉಬ್ಬಿದರೆ ಪಾಸಿಟಿವ್. ಇದಕ್ಕೆ ಮುಂಚೆ ಸೆಟ್ರಿಜಿನ್ ಜಾತಿಯ ಮಾತ್ರೆಗಳನ್ನು ಐದರಿಂದ ಏಳು ದಿನ ನಿಲ್ಲಿಸಲು ಹೇಳುತ್ತಾರೆ. ಕೆಮ್ಮು, ನೆಗಡಿಯ ಸಿರಪ್ಪುಗಳಲ್ಲೂ ಅದೇ ಜಾತಿಯ ಔಷಧಿ ಇರುತ್ತದೆ, ಅದನ್ನು ಹೇಳಲು ಮರೆಯಬೇಡಿ. ನಿಲ್ಲಿಸಲು ಆಗದವರಿಗೆ, ಮೈತುಂಬ ಇಸುಬು ಇದ್ದವರಿಗೆ ಆಯಾ ವಸ್ತುವಿನ ಐಜಿಇ ರಕ್ತಪರೀಕ್ಷೆ. ಅದಕ್ಕೆ ಮಾತ್ರೆ ನಿಲ್ಲಿಸಬೇಕಾಗಿಲ್ಲ.

ನಿಧಾನದ ಚರ್ಮದ ತೊಂದರೆಗೆ ಪ್ರಿಕ್ ಪರೀಕ್ಷೆಯಿಂದ ಉಪಯೋಗ ಇಲ್ಲ, ಪ್ಯಾಚ್ ಪರೀಕ್ಷೆಯೇ ಬೇಕು. ಬೆನ್ನಿಗೆ ಅನುಮಾನದ ವಸ್ತುಗಳಿರುವ ಸಣ್ಣ ಸಣ್ಣ ಬಿಲ್ಲೆ ಅಂಟಿಸಿ 48 ಗಂಟೆಗೆ ತೆಗೆದು ನೋಡುತ್ತಾರೆ. ಮತ್ತೆ 72 ಅಥವಾ 96 ಗಂಟೆಗೆ ಇನ್ನೊಮ್ಮೆ ನೋಡುತ್ತಾರೆ. ಈ ಎರಡನೇ ಸಲ ತಪ್ಪಿಸಬೇಡಿ, ಕೆಲವು ವಸ್ತುಗಳ ಗುರುತು ಮೂಡುವುದೇ ಆಗ. ಅಷ್ಟು ದಿನ ಬೆನ್ನಿಗೆ ನೀರು, ಬೆವರು ತಾಗಬಾರದು. ಮದುವೆ, ಜಾತ್ರೆ, ಕಳೆ ಕೀಳುವ ಕೆಲಸ ಯಾವುದೂ ಇಲ್ಲದ ವಾರ ನೋಡಿಕೊಂಡು ಹೋಗಿ. ನಿಮ್ಮ ಬಿಂದಿ ಪ್ಯಾಕೆಟ್ಟು, ಮುಲಾಮು, ಹೇರ್ ಡೈ ಡಬ್ಬಿಯನ್ನೂ ಚೀಲದಲ್ಲಿ ಹಾಕಿಕೊಳ್ಳಿ.